ಆಯಾಮದ ಮೋಹ, ಅಳತೆಯ ಅರಿವು

ಸ್ವಂತ ವಿಡಿಯೊ ಗೇಮ್ ತಯಾರಿಸಬೇಕೆಂಬ ಹಂಬಲವುಳ್ಳ ತರುಣರು ಬೆಂಗಳೂರಿನಲ್ಲಿ ಕಡಿಮೆಯೇನಿಲ್ಲ. ಆಟವನ್ನು ಎರಡು ಆಯಾಮದಲ್ಲಿ ಕಟ್ಟಬೇಕೆ, ಮೂರು ಆಯಾಮದಲ್ಲಿ ಕಟ್ಟಬೇಕೆ ಎಂಬುದು ಅವರ ಮುಂದಿರುವ ಮೊದಲ ಪ್ರಶ್ನೆ. ಮೂರು ಆಯಾಮವೇ ಆಧುನಿಕ, ಎರಡು ಆಯಾಮವೆಂದರೆ ಹಳತು ಎಂಬ ಭಾವನೆ ಅನೇಕರಲ್ಲಿ ಬೇರೂರಿದೆ. ಈ ಭಾವನೆಯ ಬೆನ್ನುಹತ್ತಿ ಉಳಿತಾಯದ ಹಣವನ್ನೂ ಯೌವನದ ಎರಡು ಮೂರು ವರ್ಷಗಳನ್ನೂ ಕಳೆದುಕೊಳ್ಳುವ ಅಪಾಯ ಇರುವುದರಿಂದ, ಇದನ್ನು ಕೇವಲ ತಾಂತ್ರಿಕ ವಿಚಾರವೆಂದು ಬದಿಗೆ ಸರಿಸುವಂತಿಲ್ಲ.

ಈ ಭಾವನೆಗೆ ಒಂದು ಚರಿತ್ರೆಯಿದೆ. 1996ರಲ್ಲಿ ಜಪಾನಿನ ನಿಂಟೆಂಡೊ ಕಂಪೆನಿ ಹೊರತಂದ ಸೂಪರ್ ಮಾರಿಯೊ 64, ಆಟಗಾರ ಎಲ್ಲ ದಿಕ್ಕಿಗೂ ಓಡಾಡಬಲ್ಲ ಜಗತ್ತನ್ನು ತೆರೆದಿಟ್ಟಿತು. ಚಪ್ಪಟೆ ಚಿತ್ರಗಳ ಕಾಲ ಮುಗಿಯಿತೆಂದು ಉದ್ಯಮವೇ ನಂಬಿತು. ಆದರೆ ಅದೇ ನಿಂಟೆಂಡೊ ಹತ್ತು ವರ್ಷಗಳ ನಂತರ, 2006ರಲ್ಲಿ, ಮಾರಿಯೊನನ್ನು ಎಡದಿಂದ ಬಲಕ್ಕೆ ಓಡುವ ಹಳೆಯ ಹಾದಿಗೇ ಮರಳಿ ತಂದಿತು. ನ್ಯೂ ಸೂಪರ್ ಮಾರಿಯೊ ಬ್ರದರ್ಸ್ ಎಂಬ ಆ ಆಟ 3 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯಿತು. ಸತ್ತಿತೆಂದು ಭಾವಿಸಿದ್ದ ರೂಪ ಜೀವಂತವಾಗಿಯೇ ಇತ್ತು.

ಎರಡರ ನಡುವಣ ನಿಜವಾದ ಅಂತರವಿರುವುದು ಕೆಲಸದ ಸ್ವರೂಪದಲ್ಲಿ. ಮೂರು ಆಯಾಮದ ಒಂದು ಪಾತ್ರಕ್ಕೆ ಮೊದಲು ಆಕಾರ ಕಡೆಯಬೇಕು, ಮೈಗೆ ಬಣ್ಣ ಹಚ್ಚಬೇಕು, ಒಳಗೆ ಎಲುಬಿನ ಹಂದರ ಕೂರಿಸಬೇಕು, ಆಮೇಲೆ ಚಲನೆ ಕೊಡಬೇಕು. ಬೆಳಕು ಎಲ್ಲಿಂದ ಬೀಳುತ್ತದೆ, ಕ್ಯಾಮೆರಾ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ನಿರ್ಧರಿಸಬೇಕು. ಕ್ಯಾಮೆರಾ ಗೋಡೆಯ ಹಿಂದೆ ಸಿಕ್ಕಿಕೊಂಡರೆ ಆಟವೇ ಕೆಟ್ಟಿತು. ಇಷ್ಟೂ ಕೆಲಸ ಬಲ್ಲ ಒಬ್ಬನೇ ವ್ಯಕ್ತಿ ಅಪರೂಪ. ಹಾಗಾಗಿ ತಂಡ ಬೆಳೆಯುತ್ತದೆ, ಸಂಬಳದ ಹೊರೆಯೂ ಬೆಳೆಯುತ್ತದೆ. ಮುಗಿದ ಆಟ ಸಾಧಾರಣ ಮೊಬೈಲ್ ಫೋನಿನಲ್ಲಿ ತಡವರಿಸದೆ ಓಡುವಂತೆ ಮಾಡುವುದು ಇನ್ನೊಂದು ಸಾಹಸ.

ಹಾಗೆಂದು ಎರಡು ಆಯಾಮ ಅಗ್ಗದ ದಾರಿಯೆಂದು ಭಾವಿಸುವುದೂ ತಪ್ಪು. ಇಲ್ಲಿ ಪಾತ್ರದ ಒಂದೊಂದು ಭಂಗಿಯನ್ನೂ ಬೇರೆಬೇರೆಯಾಗಿ ಬರೆಯಬೇಕಾಗಬಹುದು. ನಾಯಕನ ಉಡುಪು ಬದಲಿಸಿದರೆ ಹಿಂದಿನ ಚಿತ್ರಗಳನ್ನೆಲ್ಲ ಮತ್ತೆ ತಿದ್ದಬೇಕು. ಮೂರು ಆಯಾಮದಲ್ಲಾದರೆ ಒಮ್ಮೆ ಕಡೆದ ಮೂರ್ತಿಯನ್ನು ಯಾವ ದಿಕ್ಕಿನಿಂದಲೂ ತೋರಿಸಬಹುದು. 2017ರಲ್ಲಿ ಬಂದ ಕಪ್‌ಹೆಡ್ ಎಂಬ ಆಟವನ್ನು 1930ರ ದಶಕದ ಕಾರ್ಟೂನುಗಳಂತೆ ಕೈಯಿಂದಲೇ ಚಿತ್ರಿಸಲಾಗಿತ್ತು. ಅದನ್ನು ಪೂರ್ಣಗೊಳಿಸಲು ಕೆನಡಾದ ಸೋದರರಿಬ್ಬರು ಮನೆಯನ್ನೇ ಅಡವಿಡಬೇಕಾಯಿತು. ಅವರಿಗೆ ಗೆಲುವು ಒಲಿಯಿತು. ಎಲ್ಲರಿಗೂ ಒಲಿಯುತ್ತದೆಂಬ ಭರವಸೆಯಿಲ್ಲ.

ಆದರೂ ಕೈಯಲ್ಲಿ ಹಣವಿಲ್ಲದ ಸಣ್ಣ ತಂಡಕ್ಕೆ ಎರಡು ಆಯಾಮವೇ ಹೆಚ್ಚು ಕ್ಷೇಮಕರ ಎಂಬುದಕ್ಕೆ ಸಾಕ್ಷ್ಯಗಳಿವೆ. ಅಮೆರಿಕದ ಎರಿಕ್ ಬ್ಯಾರೋನ್ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಬ್ಬರೇ ದುಡಿದು, ಚಿತ್ರ, ಸಂಗೀತ, ಪ್ರೋಗ್ರಾಮ್ ಎಲ್ಲವನ್ನೂ ತಾವೇ ರಚಿಸಿ, 2016ರಲ್ಲಿ ಸ್ಟಾರ್‌ಡ್ಯೂ ವ್ಯಾಲಿ ಎಂಬ ಬೇಸಾಯದ ಆಟವನ್ನು ಹೊರತಂದರು. ಅದರ ಮಾರಾಟ 4 ಕೋಟಿ ಪ್ರತಿ ದಾಟಿದೆ. ಆಸ್ಟ್ರೇಲಿಯದ ಬೆರಳೆಣಿಕೆಯ ಜನ 2017ರಲ್ಲಿ ರೂಪಿಸಿದ ಹಾಲೊ ನೈಟ್ ಕೂಡ ಎರಡು ಆಯಾಮದ್ದೇ. ಇತ್ತ ಪುಣೆಯ ಪುಟ್ಟ ತಂಡವೊಂದು 2020ರಲ್ಲಿ 'ರಾಜಿ' ಎಂಬ ಆಟವನ್ನು ಮೂರು ಆಯಾಮದಲ್ಲಿ ಕಟ್ಟಿತಾದರೂ, ಕಥೆ ಹೇಳುವ ದೃಶ್ಯಗಳಿಗೆ ನೆರಳು ಗೊಂಬೆಯಾಟದ ಶೈಲಿಯನ್ನು ಆರಿಸಿಕೊಂಡಿತು. ತೊಗಲು ಗೊಂಬೆಯಾಟದ ನಾಡಾದ ಕರ್ನಾಟಕಕ್ಕೆ ಇದರಲ್ಲೊಂದು ಪಾಠವಿದೆ. ಒಂದು ಪರದೆ, ಒಂದು ದೀಪ, ಚಪ್ಪಟೆ ತೊಗಲು ಇಷ್ಟರಿಂದಲೇ ರಾಮಾಯಣವನ್ನು ಕಣ್ಣೆದುರು ನಿಲ್ಲಿಸಿದವರ ನಾಡು ಇದು.

ಬೆಂಗಳೂರಿನ ಗೇಮ್ ಉದ್ಯಮ ಹೊಸದಲ್ಲ. 1997ರಲ್ಲಿ ಇಲ್ಲಿ ಆರಂಭವಾದ ಧ್ರುವ ಇಂಟರಾಕ್ಟಿವ್, ವಿದೇಶಿ ಕಂಪೆನಿಗಳ ಆಟಗಳಿಗೆ ಕಲಾಕೆಲಸ ಮಾಡಿಕೊಟ್ಟೇ ಹೆಸರಾಯಿತು. 2019ರಲ್ಲಿ ಅದು ರಾಕ್‌ಸ್ಟಾರ್ ಪಾಲಾಯಿತು. ಪರರ ಆಟಕ್ಕೆ ಕಾರು, ಕಟ್ಟಡ ಕಡೆದುಕೊಡುವ ಉದ್ಯೋಗಕ್ಕೆ ಮೂರು ಆಯಾಮದ ಕೌಶಲ ಬೇಕೇ ಬೇಕು. ಅದರಿಂದ ಅನ್ನ ಸಿಗುತ್ತದೆ, ಅದು ಗೌರವದ ಕೆಲಸವೂ ಹೌದು. ಆದರೆ ಸ್ವಂತ ಆಟ ಕಟ್ಟುವವನ ಅಗತ್ಯವೇ ಬೇರೆ. ಆನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆಂದೇ 2012ರಲ್ಲಿ ನೀತಿ ರೂಪಿಸಿದ, 2024ರಲ್ಲಿ ಅದನ್ನು ನವೀಕರಿಸಿದ ರಾಜ್ಯ ಸರ್ಕಾರವೂ ತರಬೇತಿ ಸಂಸ್ಥೆಗಳೂ ಈ ವ್ಯತ್ಯಾಸವನ್ನು ಗಮನಿಸಬೇಕು. ದುಬಾರಿ ತಂತ್ರಾಂಶ ಕಲಿಸುವಷ್ಟೇ ಆಸ್ಥೆಯಿಂದ ಚಿತ್ರ ಬರೆಯುವುದನ್ನು, ಆಟದ ನಿಯಮ ಹೆಣೆಯುವುದನ್ನು, ಸಣ್ಣದೊಂದನ್ನು ಪೂರ್ತಿ ಮುಗಿಸುವುದನ್ನು ಕಲಿಸಬೇಕು. ಗೋಡೋ ಎಂಬ ಮುಕ್ತ ತಂತ್ರಾಂಶ ಉಚಿತವಾಗಿ ಲಭ್ಯವಿರುವಾಗ ಇದಕ್ಕೆ ಹಣದ ನೆಪ ಹೇಳುವಂತಿಲ್ಲ.

ದೂರವನ್ನು ಅಳೆದು ಜಿಗಿಯುವ, ಮೂಲೆಯ ಆಚೆ ಏನಿದೆಯೆಂದು ಇಣುಕುವ ಆಟಕ್ಕೆ ಮೂರನೆಯ ಆಯಾಮ ಅನಿವಾರ್ಯ. ಅಂಥ ಅನಿವಾರ್ಯ ಇಲ್ಲದಿದ್ದಲ್ಲಿ ಅದು ಬರಿಯ ಆಡಂಬರ. ಹೊಸಬರು ತಮ್ಮ ಆಟ ಬೇಡುವುದೇನು, ತಮ್ಮ ಕೈಯಲ್ಲಿರುವುದೆಷ್ಟು ಎಂಬ ಎರಡು ಪ್ರಶ್ನೆಗಳನ್ನು ಮೊದಲು ಕೇಳಿಕೊಳ್ಳಲಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಹಿರಿಯರ ಮಾತು ಈ ಉದ್ಯಮಕ್ಕೂ ಸಲ್ಲುತ್ತದೆ. ಅರ್ಧಕ್ಕೆ ನಿಂತ ಭವ್ಯ ಜಗತ್ತಿಗಿಂತ ಪೂರ್ತಿ ಮುಗಿದ ಪುಟ್ಟ ಆಟವೇ ಲೇಸು.