ಜರ್ನಲ್ ಕ್ಲಬ್ಬೋ, ಗಿಣಿಪಾಠವೋ?

ಪುರಸೈವಾಕ್ಕಂನಲ್ಲಿ ನೆಲೆ ನಿಂತ ಕನ್ನಡ ಮನೆಗಳಲ್ಲಿ ಡಾಕ್ಟರಿಕೆ ಓದುವ ಮಕ್ಕಳಿಗೇನೂ ಬರವಿಲ್ಲ. ಎಂ.ಬಿ.ಬಿ.ಎಸ್. ಮುಗಿಸಿ ಪಿ.ಜಿ. ಸೀಟು ಸಿಕ್ಕಿತೆಂದರೆ ಬಂಧುಬಳಗಕ್ಕೆಲ್ಲ ಸಿಹಿ ಹಂಚುತ್ತೇವೆ. ಆಮೇಲೆ ಆ ಮಕ್ಕಳು ಅಲ್ಲಿ ಏನು ಕಲಿಯುತ್ತಾರೆಂದು ಕೇಳುವ ಗೋಜಿಗೇ ಹೋಗುವುದಿಲ್ಲ. ಗುಮಾಸ್ತರಿಗೇಕೆ ವೈದ್ಯಶಾಸ್ತ್ರದ ಉಸಾಬರಿ ಎಂದು ಯಾರಾದರೂ ಮೂಗು ಮುರಿದರೆ ನಮ್ಮ ಉತ್ತರ ಇಷ್ಟೆ: ಆ ಕಲಿಕೆಯ ಫಲ ಉಣ್ಣುವವರು ರೋಗಿಗಳು, ಅಂದರೆ ನಾವೇ.

ಜರ್ನಲ್ ಕ್ಲಬ್ ಎಂಬುದೊಂದಿದೆ. ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಒಂದು ವಿಭಾಗದ ರೆಸಿಡೆಂಟ್ ಡಾಕ್ಟರುಗಳು ಪ್ರೊಫೆಸರರೊಡನೆ ಕುಳಿತು, ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಸಂಶೋಧನಾ ಲೇಖನವೊಂದನ್ನು ಒರೆಗೆ ಹಚ್ಚುವ ಸಭೆ. 1875ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ವಿಲಿಯಂ ಆಸ್ಲರ್ ಇಂಥದೊಂದನ್ನು ಆರಂಭಿಸಿದಾಗ ಉದ್ದೇಶ ಸರಳವಾಗಿತ್ತು: ದುಬಾರಿ ಪತ್ರಿಕೆಗಳನ್ನು ಒಬ್ಬೊಬ್ಬರೇ ಕೊಳ್ಳಲಾಗದು, ಹಂಚಿಕೊಂಡು ಓದೋಣ. ಇಂದು ಪತ್ರಿಕೆಗಳು ಅಂಗೈಯ ಫೋನಿನಲ್ಲಿವೆ. ಲೇಖನಗಳಿಗೆ ಕೊರತೆಯಿಲ್ಲ, ಒರೆಗಲ್ಲಿಗೆ ಇದೆ.

ಈಗ ನಡೆಯುವುದೇನು? ಮನೆಗೆ ಬಂದ ಮಕ್ಕಳ ಬಾಯಿಂದ ಕೇಳಿದ್ದನ್ನೇ ಬರೆಯುತ್ತೇವೆ. ಇಪ್ಪತ್ತನಾಲ್ಕು ಗಂಟೆ ಡ್ಯೂಟಿ ಮುಗಿಸಿದ ಹುಡುಗ ಹಿಂದಿನ ರಾತ್ರಿ ಕೈಗೆ ಸಿಕ್ಕ ಲೇಖನವನ್ನು ಹಿಡಿದು, ಅದರ ಸಾರಾಂಶವನ್ನು ನಲವತ್ತು ಸ್ಲೈಡುಗಳಿಗೆ ಹಿಗ್ಗಿಸುತ್ತಾನೆ. ಬೆಳಿಗ್ಗೆ ಗೋಡೆಯ ಕಡೆ ತಿರುಗಿ ಓದುತ್ತಾನೆ. ಹಿಂದಿನ ಸಾಲಿನವರು ತೂಕಡಿಸುತ್ತಾರೆ. ಕೊನೆಗೆ ಹಿರಿಯರು ಅಕ್ಷರ ಚಿಕ್ಕದಾಯಿತೆಂದು ಗದರಿಸಿ ಲಾಗ್‌ಬುಕ್ಕಿಗೆ ಸಹಿ ಹಾಕುತ್ತಾರೆ. ಎಲ್ಲ ಕಾಲೇಜುಗಳಲ್ಲೂ ಹೀಗೆಯೇ ಎಂದು ನಾವು ಹೇಳುವುದಿಲ್ಲ. ಆದರೆ ಎತ್ತು ಈಯಿತೆಂದು ಪತ್ರಿಕೆ ಬರೆದರೆ ಕರುವನ್ನು ಕೊಟ್ಟಿಗೆಗೆ ಕಟ್ಟಲು ಓಡುವ ಡಾಕ್ಟರನ್ನು ತಯಾರು ಮಾಡಲು ಇದಕ್ಕಿಂತ ಒಳ್ಳೆಯ ಪದ್ಧತಿ ಇನ್ನೊಂದಿಲ್ಲ.

ಆಡಿ ಮಾಸದಲ್ಲಿ ಪುರಸೈವಾಕ್ಕಂ ಹೈರೋಡಿನ ಜವಳಿ ಅಂಗಡಿಯ ಮುಂದೆ 'ಶೇಕಡಾ 50 ರಿಯಾಯಿತಿ' ಎಂಬ ಬೋರ್ಡು ಕಂಡರೆ ನಮ್ಮ ಮನೆಯ ಹೆಂಗಸರು ಮೊದಲು ಕೇಳುವುದು, 'ಯಾವ ಬೆಲೆಯ ಮೇಲೆ?' ಎಂದು. ಹೊಸ ಮಾತ್ರೆಯೊಂದು ಹೃದಯಾಘಾತವನ್ನು ಶೇಕಡಾ 50ರಷ್ಟು ಇಳಿಸಿತೆಂಬ ಲೇಖನ ಓದುವ ಎಂ.ಡಿ. ವಿದ್ಯಾರ್ಥಿ ಈ ಪ್ರಶ್ನೆ ಕೇಳುತ್ತಾನೆಯೇ? ಸಾವಿರ ಜನರಲ್ಲಿ ಇಬ್ಬರಿಗೆ ಆಗುತ್ತಿದ್ದದ್ದು ಒಬ್ಬರಿಗೆ ಇಳಿದರೂ ಅದು ಶೇಕಡಾ 50ರ ಇಳಿಕೆಯೇ. ಆ ಒಬ್ಬರಿಗೆ ಉಪಕಾರವಾಗಲು ಸಾವಿರ ಜನ ಮಾತ್ರೆಗೆ ದುಡ್ಡು ತೆರಬೇಕು. ಲೇಖನ ಸುಳ್ಳು ಹೇಳಿರುವುದಿಲ್ಲ, ಓದಿದವನು ಕೇಳಿರುವುದಿಲ್ಲ.

ಒಳ್ಳೆಯ ಲೇಖನಕ್ಕಾಗಿ ದೂರ ಹೋಗಬೇಕಾಗಿಲ್ಲ. ನಮಗೆ ಹತ್ತಿರದಲ್ಲೇ, ಚೆಟ್‌ಪೆಟ್‌ನಲ್ಲಿ, ಇಂದು ರಾಷ್ಟ್ರೀಯ ಕ್ಷಯರೋಗ ಸಂಶೋಧನಾ ಸಂಸ್ಥೆ ಎನಿಸಿಕೊಂಡಿರುವ ಕೇಂದ್ರವಿದೆ. 1956ರಲ್ಲಿ ಹುಟ್ಟಿದ ಆ ಕೇಂದ್ರದ ವರದಿಯೊಂದು 1959ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಬುಲೆಟಿನ್‌ನಲ್ಲಿ ಬಂತು. ಆಗೆಲ್ಲ ಕ್ಷಯವೆಂದರೆ ಸ್ಯಾನಟೋರಿಯಂ, ಪುಷ್ಟಿಯ ಊಟ, ವಿಶ್ರಾಂತಿ, ಒಳ್ಳೆಯ ಗಾಳಿ. ಇವರು ಮದರಾಸಿನ 193 ಮಂದಿ ಬಡ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲನ್ನು ಸ್ಯಾನಟೋರಿಯಂಗೆ ಸೇರಿಸಿದರು. ಇನ್ನೊಂದಕ್ಕೆ ಅದೇ ಔಷಧಿ ಕೊಟ್ಟು ಅವರವರ ಇಕ್ಕಟ್ಟಿನ ಮನೆಗಳಲ್ಲೇ ಇರಿಸಿದರು. ವರ್ಷ ಕಳೆದಾಗ ರೋಗ ಅಡಗಿದ್ದು ಸ್ಯಾನಟೋರಿಯಂನಲ್ಲಿ ನೂರಕ್ಕೆ 92, ಮನೆಯಲ್ಲಿ 86.

ಗಿಣಿಪಾಠದವನು 92 ದೊಡ್ಡದೆಂದು ಹೇಳಿ ಮುಂದಿನ ಸ್ಲೈಡಿಗೆ ಹೋಗುತ್ತಾನೆ. ತಯಾರಾಗಿ ಬಂದವನು ಅಲ್ಲೇ ನಿಲ್ಲಿಸಿ ಕೇಳುತ್ತಾನೆ: ಇಷ್ಟು ಸಣ್ಣ ಗುಂಪುಗಳಲ್ಲಿ ಆರರ ಅಂತರ ಬರೀ ಆಕಸ್ಮಿಕವಾಗಿರಬಾರದೇಕೆ? ನಡುವೆ ಬಿಟ್ಟುಹೋದವರನ್ನು ಯಾವ ಲೆಕ್ಕಕ್ಕೆ ಹಾಕಿದರು? ಒಂದೇ ಕೋಣೆಯಲ್ಲಿ ಮಲಗುವ ಮನೆಯವರಿಗೆ ಸೋಂಕು ಹೆಚ್ಚಿತೇ? (ಹೆಚ್ಚಲಿಲ್ಲ, ಅದನ್ನೂ ಅವರು ನೋಡಿದ್ದರು.) ಲೋಕದ ಅನೇಕ ಕಡೆ ಕ್ಷಯದ ಚಿಕಿತ್ಸೆ ಸ್ಯಾನಟೋರಿಯಂನಿಂದ ಮನೆಗೆ ತಿರುಗಿದ್ದರಲ್ಲಿ ಈ ವರದಿಯ ಪಾಲು ದೊಡ್ಡದು.

ಚೆಂಗಲ್ಪಟ್ಟಿನಲ್ಲಿ 1968ರಲ್ಲಿ ಆರಂಭವಾದ ಬಿ.ಸಿ.ಜಿ. ಪರೀಕ್ಷೆಯದು ಇನ್ನೊಂದು ಪಾಠ. ದೊಡ್ಡವರ ಶ್ವಾಸಕೋಶದ ಕ್ಷಯವನ್ನು ಲಸಿಕೆ ತಡೆಯಲಿಲ್ಲವೆಂದು ಫಲಿತಾಂಶ ಬಂತು. ಅಷ್ಟೇ ಓದಿದವನು ಬಿ.ಸಿ.ಜಿ.ಯೇ ದಂಡ ಎಂದಾನು. ಪರೀಕ್ಷೆ ಕೇಳಿದ ಪ್ರಶ್ನೆ ಯಾವುದೆಂದು ನೋಡಿದವನಿಗೆ ಎಳೆಯ ಮಕ್ಕಳ ಮಿದುಳುಪೊರೆಯ ಕ್ಷಯದ ಮಾತೇ ಬೇರೆಯೆಂದು ಹೊಳೆಯುತ್ತದೆ. ಹುಟ್ಟಿದ ಮಗುವಿಗೆ ಇಂದಿಗೂ ಆ ಚುಚ್ಚುಮದ್ದು ಹಾಕುವುದು ಅದಕ್ಕೇ.

ಹಾಗಾದರೆ ನಡೆಸುವುದು ಹೇಗೆ? ಲೇಖನದ ಆಯ್ಕೆ ವಾರ್ಡಿನಲ್ಲಿ ಹುಟ್ಟಬೇಕು, ಹಾಸಿಗೆಯ ಮೇಲಿರುವ ರೋಗಿಯ ವಿಷಯದಲ್ಲಿ ಎದ್ದ ಸಂಶಯದಿಂದ. ಔಷಧಿ ಕಂಪನಿಯ ಪ್ರತಿನಿಧಿ ತಂದುಕೊಟ್ಟ ಹೊಳೆಯುವ ಪ್ರತಿಯಿಂದಲ್ಲ. ಅದು ವಾರ ಮುಂಚೆಯೇ ಎಲ್ಲರ ಕೈ ಸೇರಬೇಕು. ನಡೆಸುವವನು ಎರಡು ಸಲ ಓದಬೇಕು. ಎರಡನೆಯ ಸಲ ಸಾರಾಂಶವನ್ನು ಮುಚ್ಚಿಟ್ಟು, ಪರೀಕ್ಷೆಯ ವಿಧಾನವನ್ನೂ ಕೋಷ್ಟಕಗಳನ್ನೂ ಮಾತ್ರ. ಸ್ಲೈಡು ಐದು ಸಾಕು.

ಇನ್ನು ಮಾತಿನ ಸರದಿ. ಸರ್ಕಾರಿ ಕಚೇರಿಯನ್ನು ಹಳಿಯುವುದು ಸುಲಭ, ಆದರೆ ನಮ್ಮ ಕಡತದ ಪದ್ಧತಿಯಲ್ಲಿ ಒಂದು ವಿವೇಕವಿದೆ. ಟಿಪ್ಪಣಿ ಕೆಳಗಿನ ಗುಮಾಸ್ತನಿಂದ ಶುರುವಾಗುತ್ತದೆ. ನಿಯಮ ಹೀಗಿದೆ, ಹಿಂದೆ ನಡೆದದ್ದು ಹೀಗಿದೆ ಎಂದು ಅವನು ಬರೆದ ಮೇಲೆಯೇ ಕಡತ ಮೇಲೇರುವುದು. ಸಾಹೇಬರೇ ಮೊದಲು 'ಒಪ್ಪಿದೆ' ಎಂದು ಬರೆದು ಕೆಳಗೆ ಕಳಿಸಿದರೆ ಯಾವ ಗುಮಾಸ್ತ ತಾನೇ ಆಕ್ಷೇಪಣೆ ಎತ್ತಿಯಾನು? ಜರ್ನಲ್ ಕ್ಲಬ್ಬಿನಲ್ಲೂ ಮೊದಲ ವರ್ಷದ ಹುಡುಗಿ ಮೊದಲು ಮಾತಾಡಲಿ, ಪ್ರೊಫೆಸರರು ಕಡೆಯಲ್ಲಿ. 'ನನಗೆ ತಿಳಿಯಲಿಲ್ಲ' ಎಂದವಳನ್ನು ಕಂಡು ಅಲ್ಲಿ ಯಾರೂ ನಗಕೂಡದು.

ವಾರ್ಡಿನಲ್ಲಿ ಉಸಿರಾಡಲು ಬಿಡುವಿಲ್ಲ, ಇದಕ್ಕೆಲ್ಲ ಪುರುಸೊತ್ತೆಲ್ಲಿ ಎಂಬ ಆಕ್ಷೇಪ ಬರುತ್ತದೆ. ಮಕ್ಕಳ ಮೇಲಿನ ಹೊರೆಯನ್ನು ನಾವು ಕಣ್ಣಾರೆ ಕಂಡವರು. ಆದರೆ ಪುರುಸೊತ್ತಿಲ್ಲವೆಂದು ಸಭೆಯನ್ನೇನೂ ಕೈಬಿಟ್ಟಿಲ್ಲವಲ್ಲ! ಆ ಒಂದು ಗಂಟೆ ಹೇಗೂ ಹೋಗುತ್ತಿದೆ, ನಲವತ್ತು ಸ್ಲೈಡಿನ ರಾತ್ರಿಯೂ ಹೋಗುತ್ತಿದೆ. ನಡೆಸುವವರಿಗೆ ಹಿಂದಿನ ರಾತ್ರಿಯ ಡ್ಯೂಟಿ ತಪ್ಪಿಸುವುದು ವಿಭಾಗದ ಮುಖ್ಯಸ್ಥರ ಕೈಯಲ್ಲೇ ಇದೆ. 1959ರ ಆ ಚೆಟ್‌ಪೆಟ್ ವರದಿ ಅಂತರಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ಬರುವ ವಾರದ ಸರದಿ ಯಾರದೋ ಅವರು ಅದನ್ನೇ ಎತ್ತಿಕೊಳ್ಳಲಿ, ಪ್ರೊಫೆಸರರು ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳಲಿ.