ಖಾತೆಗೆ ಆರು ತಿಂಗಳು, ಕಾಡಿಗೆ ಎಷ್ಟು?

2018ರಲ್ಲಿ ರಾಣೆಬೆನ್ನೂರಿನ ಮತದಾರರು ಅಂದಿನ ಸಭಾಧ್ಯಕ್ಷ ಕೆ.ಬಿ. ಕೋಳಿವಾಡರನ್ನೇ ಸೋಲಿಸಿ ಆರ್. ಶಂಕರ್ ಅವರನ್ನು ಗೆಲ್ಲಿಸಿದರು. ಜೂನ್‌ನಲ್ಲಿ ಅವರಿಗೆ ದೊರೆತದ್ದು ಅರಣ್ಯ ಖಾತೆ. 1974ರಲ್ಲಿ ಘೋಷಿತವಾದ ಕೃಷ್ಣಮೃಗಗಳ ಅಭಯಾರಣ್ಯ ಸ್ವಂತ ಕ್ಷೇತ್ರದ ಮಗ್ಗುಲಲ್ಲೇ, 119 ಚದರ ಕಿ.ಮೀ. ಎರೆಭೂತ ಹಕ್ಕಿ ಓಡಾಡಿದ್ದ ಆ ಬಯಲಿನ ಬಹುಭಾಗವನ್ನು ನೀಲಗಿರಿ ನೆಡುತೋಪು ಎಂದೋ ಮುಚ್ಚಿತ್ತು. ಇದಕ್ಕಿಂತ ಹತ್ತಿರದ ಮಂತ್ರಿ ಸಿಕ್ಕಾರೆಯೇ?

ಡಿಸೆಂಬರಿನಲ್ಲಿ ಖಾತೆ ಹೋಯಿತು. 2019ರ ಜನವರಿಯಲ್ಲಿ ಬೆಂಬಲ ಹಿಂತೆಗೆತ, ಜೂನ್‌ನಲ್ಲಿ ಮರಳಿ ಮಂತ್ರಿಗಿರಿ, ಜುಲೈನಲ್ಲಿ ರಾಜೀನಾಮೆ, ಅದೇ ತಿಂಗಳು ಅನರ್ಹತೆ! 2021ರಲ್ಲಿ ಮತ್ತೊಂದು ಸರ್ಕಾರದ ಮಂತ್ರಿ. 2023ರಲ್ಲಿ ಮತ್ತೊಂದು ಪಕ್ಷದ ಪರಾಜಿತ ಅಭ್ಯರ್ಥಿ. ಈ ಓಟದಲ್ಲಿ ಕೃಷ್ಣಮೃಗವೂ ಹಿಂದೆ ಬಿದ್ದೀತು.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿಗೆ ಮುಂದೆ ಮತ ಬೇಡಲು ಬರುವವರನ್ನು ಪಕ್ಷ ಯಾವುದೆಂದು ಕೇಳುವುದಕ್ಕೆ ಮೊದಲು, ಆ ಬಯಲಿಗೆ ಹುಲ್ಲು ಎಂದು ಮರಳೀತೆಂದು ಕೇಳಬೇಕು.