ತಂಗುವವರ ತೆರಿಗೆ ಊರಲ್ಲೇ ಉಳಿಯಲಿ

ನನ್ನದು ಅರಸೀಕೆರೆ ತಾಲ್ಲೂಕಿನಲ್ಲಿ ಮಳೆ ನಂಬಿದ ಮೂರೂವರೆ ಎಕರೆ. ಎರಡು ಎಕರೆ ರಾಗಿ, ಉಳಿದದ್ದು ತೆಂಗು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ತೆರಿಗೆ ವಿಚಾರ ಯಾಕೆ ಬರೀತಾನೆ ಅನ್ನಬಹುದು. ಹಳೇಬೀಡಿನ ಹತ್ತಿರ ಇರೋ ನಮ್ಮಕ್ಕನ ಮನೆಯವರು ಎರಡು ಕೋಣೆಗೆ ಸುಣ್ಣ ಬಳಿಸಿ ಪ್ರವಾಸಿಗಳಿಗೆ ಕೊಡ್ತಿದ್ದಾರೆ. ನಾವೂ ರಾಗಿ ಮೂಟೆ ಇಡೋ ಕೋಣೆ ಖಾಲಿ ಮಾಡೋಣ ಅಂತ ನನ್ನ ಮಗನ ಹಠ. ಹಾಗಾಗಿ ಲೆಕ್ಕ ತಿಳಿಯಬೇಕಾಯಿತು.

2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ದೇವಸ್ಥಾನಗಳು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದವು. ಅರಸೀಕೆರೆಯಲ್ಲಿ ರೈಲು ಇಳಿದು ಆ ಕಡೆ ಹೋಗೋರು ಮುಂಚಿನಿಂದಲೂ ಇದ್ದಾರೆ. ಈಗ ಅವರಲ್ಲಿ ಕೆಲವರು ಮುದ್ದೆ ಉಂಡು ಒಂದು ರಾತ್ರಿ ಹಳ್ಳಿ ಮನೆಯಲ್ಲೇ ಇರೋಣ ಅಂತಾರೆ. ಮಳೆ ಕೈಕೊಟ್ಟ ವರ್ಷ ಅಕ್ಕನ ಮನೆಯ ಅಂಗಡಿ ಬಾಕಿ ತೀರಿಸಿದ್ದು ಈ ಕಾಸೇ.

ಹಿಂದೆ ಲಾಡ್ಜುಗಳಿಗೆ 1979ರ ರಾಜ್ಯ ಕಾನೂನಿನ ವಿಲಾಸ ತೆರಿಗೆ ಇತ್ತು. 2017ರ ಜುಲೈ 1ರಿಂದ ಅದರ ಜಾಗಕ್ಕೆ ಜಿಎಸ್‌ಟಿ ಬಂತು. ವರ್ಷಕ್ಕೆ 20 ಲಕ್ಷ ರೂ. ಒಳಗಿನ ವಹಿವಾಟಿನವರು ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ. ಅಕ್ಕನಿಗೆ ಅದರ ಹತ್ತನೇ ಒಂದು ಪಾಲೂ ಹುಟ್ಟೋಲ್ಲ. ಆದರೆ ಅತಿಥಿ ಮೊಬೈಲ್ ಆ್ಯಪಿನಲ್ಲಿ ಕೋಣೆ ಹಿಡಿದರೆ, ತೆರಿಗೆಯನ್ನು ಆ್ಯಪಿನ ಕಂಪನಿಯೇ ಸರ್ಕಾರಕ್ಕೆ ಕಟ್ಟಬೇಕು. 2025ರ ಸೆಪ್ಟೆಂಬರ್ 22ರಿಂದ 7,500 ರೂ. ವರೆಗಿನ ಕೋಣೆಗೆ ಇದು ಶೇ. 12ರಿಂದ ಶೇ. 5ಕ್ಕೆ ಇಳಿದಿದೆ. 1,200 ರೂ. ಕೋಣೆಗೆ 60 ರೂ. ಆಯಿತು. ಅದರಲ್ಲಿ ಅರ್ಧ ದೆಹಲಿಗೆ, ಅರ್ಧ ಬೆಂಗಳೂರಿಗೆ. ಅತಿಥಿ ಬಿಟ್ಟುಹೋದ ಕಸ ಮಾತ್ರ ಪಂಚಾಯಿತಿ ಪಾಲಿಗೆ!

ಹೋದ ಬೇಸಿಗೆಯಲ್ಲಿ ಅಕ್ಕನ ಮನೆಗೆ ಆರು ಜನ ಬಂದಿದ್ದರು. ಅವರ ಸ್ನಾನ ಮುಗಿಯೋ ಹೊತ್ತಿಗೆ ಪಕ್ಕದ ಮನೆಯ ನಲ್ಲಿಯಲ್ಲಿ ನೀರು ನಿಂತಿತ್ತು. ಆ ಮನೆಯ ಅಜ್ಜಿ ಖಾಲಿ ಕೊಡ ಹಿಡಿದು ಬಾಗಿಲಿಗೇ ಬಂದರು. "ನಿಮಗೆ ದುಡ್ಡು, ನಮಗೆ ಬರೀ ಕೊಡವೇನವ್ವಾ?" ಅಂದರು. ಅಕ್ಕನಿಗೆ ಉತ್ತರ ಹೊಳೆಯಲಿಲ್ಲ. ನನಗೂ ಹೊಳೆದಿಲ್ಲ.

ಅದಕ್ಕೇ, ತೆರಿಗೆಯೇ ಬೇಡ ಅನ್ನೋ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಕೊಟ್ಟದ್ದು ಆ ಅಜ್ಜಿಯ ಕೊಡಕ್ಕೆ ಬರಬೇಕು, ಅಷ್ಟೇ. ಇದು ಹೊಸ ವಿಚಾರವೂ ಅಲ್ಲ. ಜಾತ್ರೆ, ಉತ್ಸವಕ್ಕೆ ಬರೋರಿಂದ ಗ್ರಾಮ ಪಂಚಾಯಿತಿ ಯಾತ್ರಿಕ ಶುಲ್ಕ ಪಡೆಯಬಹುದು ಅಂತ 1993ರ ಪಂಚಾಯತ್ ರಾಜ್ ಕಾನೂನಿನಲ್ಲೇ ಇದೆ. ಆದರೆ ನೀರು, ಆರೋಗ್ಯ, ನೈರ್ಮಲ್ಯದ ಏರ್ಪಾಡು ಪಂಚಾಯಿತಿ ಮಾಡಿರಬೇಕು. ಜಪಾನಿನ ದೇವಸ್ಥಾನಗಳ ಊರು ಕ್ಯೋಟೊದಲ್ಲಿ 2018ರ ಅಕ್ಟೋಬರಿನಿಂದ ತಂಗುವವರು ತಲೆಗಿಷ್ಟು, ರಾತ್ರಿಗಿಷ್ಟು ಅಂತ ಆ ನಗರಕ್ಕೇ ಕಟ್ಟುತ್ತಾರೆ. ಬಾಡಿಗೆ ಹೆಚ್ಚಿದಂತೆ ತೆರಿಗೆಯೂ ಹೆಚ್ಚು.

ನಮ್ಮಲ್ಲಿ ತಲೆಗೆ, ರಾತ್ರಿಗೆ 20 ರೂ. ಸಾಕು. ಬೇಲೂರು ಪುರಸಭೆ, ಅರಸೀಕೆರೆ ನಗರಸಭೆ, ಸುತ್ತಲ ಪಂಚಾಯಿತಿಗಳು ಎಲ್ಲಾ ಕಡೆ ಒಂದೇ ದರ ಇರಲಿ. ಇಲ್ಲದಿದ್ದರೆ ಊರೂರಿಗೆ ಪೈಪೋಟಿ ಹತ್ತುತ್ತೆ. ದುಡ್ಡಿಗೆ ಬೇರೆ ಖಾತೆ ಇಟ್ಟು, ಬಂದದ್ದು, ಖರ್ಚಾದದ್ದು ಕಚೇರಿ ಗೋಡೆ ಮೇಲೆ ಬರೆಸಲಿ. ಮನೆಯವರೇ ವಾಸ ಇದ್ದು ಎರಡು-ಮೂರು ಕೋಣೆ ಕೊಡೋ ರೈತನಿಗೆ ಮನೆ ಕಂದಾಯ, ಕರೆಂಟು ದೊಡ್ಡ ಲಾಡ್ಜಿನ ದರದಲ್ಲಿ ಬೇಡ. ನಾವೂ ಕದ್ದುಮುಚ್ಚಿ ನಡೆಸದೆ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಾಯಿಸಿ, ಬಂದವರ ಹೆಸರು ಪುಸ್ತಕದಲ್ಲಿ ಬರೆದಿಡಬೇಕು.

ಮಗನಿಗೆ ಹೇಳಿದ್ದೇನೆ: ಮೊದಲು ಸೂರಿನ ಮಳೆನೀರು ಹಿಡಿಯೋಕೆ ತೊಟ್ಟಿ ಕಟ್ಟು, ಕೋಣೆಗೆ ಸುಣ್ಣ ಆಮೇಲೆ. ಮಲೆನಾಡಿನಲ್ಲಿ ಹೋಂಸ್ಟೇ ನಡೆಸೋ ರೈತಮಿತ್ರರು ತಮ್ಮ ಪಂಚಾಯಿತಿ ಏನು ಪಡೆಯುತ್ತೆ, ಏನು ಕೊಡುತ್ತೆ ಅಂತ ಪತ್ರಿಕೆಗೆ ಬರೆದರೆ ನಮಗೆ ದಾರಿ ಆಗುತ್ತೆ.